ಮೂರು ಟ್ಯೂಬಿನ ಪ್ರೊಜೆಕ್ಟರ್ ಒಳಗಿನ ‘ಎಣ್ಣೆ’: ಅದು ಏನು, ಯಾಕೆ ಮಬ್ಬಾಗುತ್ತದೆ, ಯಾವಾಗ ಬದಲಿಸಬೇಕು

ಸಭಾಂಗಣಗಳಿಗೆ, ಕಲ್ಯಾಣ ಮಂಟಪಗಳಿಗೆ ಎಲ್‌ಇಡಿ ಪರದೆ ಬಂದ ಮೇಲೆ ಛಾವಣಿಗೆ ಬಿಗಿದಿದ್ದ ಮೂರು ಕಣ್ಣಿನ ಹಳೆಯ ಪ್ರೊಜೆಕ್ಟರ್‌ಗಳು ಒಂದೊಂದಾಗಿ ಕೆಳಗಿಳಿಯುತ್ತಿವೆ. ಗಲ್ಫ್‌ಗೆ ದುಡಿಯಲು ಹೋದವರು ಒಂದು ಕಾಲಕ್ಕೆ ಆಸೆಪಟ್ಟು ತಂದ ಭಾರೀ ಪ್ರೊಜೆಕ್ಷನ್ ಟಿವಿಗಳೂ ಮನೆಯ ಮೂಲೆಯಿಂದ ಹೊರಬೀಳುತ್ತಿವೆ. ಕೆಲವು ಗುಜರಿ ಸೇರುತ್ತವೆ. ಕೆಲವನ್ನು ಹಳೆಯ ವಿಡಿಯೊ ಗೇಮ್, ಹಳೆಯ ಸಿನಿಮಾದ ಹುಚ್ಚಿರುವ ಹುಡುಗರು ಕಡಿಮೆ ದುಡ್ಡಿಗೆ ಒಯ್ಯುತ್ತಾರೆ. ಎತ್ತಿ ಇಳಿಸುವಾಗ ಪೆಟ್ಟಿಗೆಯ ಸಂದಿಯಿಂದ ಅಂಟಂಟಾದ ದ್ರವ ಜಿನುಗುತ್ತದೆ. ಆಗ ಏಳುವ ಪ್ರಶ್ನೆ ಕಲಬುರಗಿಯಲ್ಲಾದರೂ ಬೀದರದಲ್ಲಾದರೂ ಒಂದೇ: “ಟಿವಿ ಒಳಗ ಎಣ್ಣಿ ಎಲ್ಲಿಂದ ಬಂತು ರೀ? ಸೋರ್ಲಕತ್ತದ ನೋಡ್ರಿ.”

ಅದು ಎಣ್ಣೆ ಅಲ್ಲ, ಕೂಲಂಟ್. ಟ್ಯೂಬಿನ ಕಾವು ಇಳಿಸಲು ತಯಾರಕರೇ ತುಂಬಿ ಮುಚ್ಚಿದ ದ್ರವ. ಅದು ಮಬ್ಬಾದರೆ ಚಿತ್ರವೂ ಮಬ್ಬಾಗುತ್ತದೆ. ಇದು ತಿಳಿಯದೆ ಎಷ್ಟೋ ಗಟ್ಟಿ ಟ್ಯೂಬುಗಳು “ಟ್ಯೂಬ್ ಹೋಗ್ಯಾದ” ಎನ್ನಿಸಿಕೊಂಡು ತೂಕಕ್ಕೆ ಬೀಳುತ್ತವೆ. ಇನ್ನೊಂದು ಕಡೆ, ಈ ದ್ರವ ವಿಷ ಎಂಬುದು ಗೊತ್ತಿಲ್ಲದೆ ಅದನ್ನು ಖಾಲಿ ಶರಬತ್ತಿನ ಬಾಟಲಿಗೆ ತುಂಬಿಡುವ ಅಪಾಯವಿದೆ. ಎರಡೂ ತಪ್ಪಬೇಕಾದರೆ ಈ ದ್ರವ ಅಲ್ಲಿ ಯಾಕಿದೆ ಎಂಬುದು ಮೊದಲು ತಿಳಿಯಬೇಕು.

## ಟ್ಯೂಬಿನೊಳಗೆ ಬೆಳಕು ಹುಟ್ಟುವ ಬಗೆ

ಪಿಕ್ಚರ್ ಟ್ಯೂಬಿನ ಟಿವಿ ನಮ್ಮ ಭಾಗದ ಹಳ್ಳಿಗಳಿಗೆ ಬೆಂಗಳೂರು ದೂರದರ್ಶನಕ್ಕಿಂತ ಮೊದಲೇ ಬಂದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆಯ್ದಿದ್ದರು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳಲ್ಲಿ ಆಗಿನ ಗುಲ್ಬರ್ಗ ಒಂದು. ಇಂದಿನ ಯಾದಗಿರಿ ಜಿಲ್ಲೆಯೂ ಆಗ ಅದರೊಳಗೇ ಇತ್ತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ.

ಆ ಟಿವಿಗೂ ಈ ಪ್ರೊಜೆಕ್ಟರ್‌ಗೂ ಮೂಲ ತತ್ವ ಒಂದೇ. ಗಾಳಿ ಪೂರ್ತಿ ತೆಗೆದ ಗಾಜಿನ ಕೊಳವೆ. ಅದರ ಸಣ್ಣ ಕತ್ತಿನಲ್ಲಿ ‘ಗನ್’ ಇದೆ, ಅಂದರೆ ಎಲೆಕ್ಟ್ರಾನುಗಳನ್ನು ಹೊರಡಿಸುವ ಭಾಗ. ಮುಂದಿನ ಗಾಜಿನ ಒಳಮೈಗೆ ಫಾಸ್ಫರ್ ಎಂಬ ಪುಡಿಯನ್ನು ತೆಳುವಾಗಿ ಬಳಿದಿರುತ್ತಾರೆ. ಸಾವಿರಾರು ವೋಲ್ಟಿನ ಸೆಳೆತಕ್ಕೆ ಎಲೆಕ್ಟ್ರಾನುಗಳು ವೇಗವಾಗಿ ಹೋಗಿ ಫಾಸ್ಫರಿಗೆ ಬಡಿದಾಗ ಅದು ಬೆಳಗುತ್ತದೆ. ಕತ್ತಿನ ಸುತ್ತ ಇರುವ ತಾಮ್ರದ ಸುರುಳಿಗೆ ಯೋಕ್ ಎನ್ನುತ್ತಾರೆ. ಅದು ಕಾಂತಬಲದಿಂದ ಎಲೆಕ್ಟ್ರಾನ್ ಕಿರಣವನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓಡಿಸಿ ಚಿತ್ರ ಬರೆಸುತ್ತದೆ.

ಮನೆಯ ಬಣ್ಣದ ಟಿವಿಯಲ್ಲಿ ಮೂರೂ ಬಣ್ಣ ಒಂದೇ ಟ್ಯೂಬಿನಲ್ಲಿ ಇರುತ್ತವೆ. ಪ್ರೊಜೆಕ್ಟರ್‌ನಲ್ಲಿ ಹಾಗಲ್ಲ. ಕೆಂಪಿಗೆ ಒಂದು, ಹಸಿರಿಗೆ ಒಂದು, ನೀಲಿಗೆ ಒಂದು ಟ್ಯೂಬು. ಪ್ರತಿಯೊಂದರ ಮುಂದೆ ಒಂದು ದಪ್ಪ ಲೆನ್ಸು. ಮೂರು ಚಿತ್ರಗಳು ಪರದೆಯ ಮೇಲೆ ಒಂದರ ಮೇಲೊಂದು ಸರಿಯಾಗಿ ಕೂತಾಗ ಪೂರ್ಣ ಬಣ್ಣ ಕಾಣುತ್ತದೆ. ಸಭಾಂಗಣಗಳಲ್ಲಿ ಬಳಸಿದ ಬಾರ್ಕೊ, ಸೋನಿ, ಎಲೆಕ್ಟ್ರೊಹೋಮ್ ಮುಂತಾದವರ ಪ್ರೊಜೆಕ್ಟರ್‌ಗಳಲ್ಲಿ ಸಾಮಾನ್ಯವಾಗಿ 7, 8 ಅಥವಾ 9 ಇಂಚಿನ ಟ್ಯೂಬುಗಳು ಇರುತ್ತಿದ್ದವು.

## ಇಷ್ಟು ಕಾವು ಎಲ್ಲಿಂದ?

ಒಂದು ಸರಳ ಲೆಕ್ಕ ಮಾಡೋಣ. ಟ್ಯೂಬಿಗೆ 32 ಕಿಲೋವೋಲ್ಟ್, ಕಿರಣದ ಕರೆಂಟು 1 ಮಿಲಿಆಂಪಿಯರ್ ಎಂದುಕೊಳ್ಳಿ. ಗುಣಿಸಿದರೆ 32 ವ್ಯಾಟ್. ಇದರಲ್ಲಿ ಸ್ವಲ್ಪ ಪಾಲು ಮಾತ್ರ ಬೆಳಕಾಗಿ ಹೊರಬರುತ್ತದೆ. ಉಳಿದದ್ದೆಲ್ಲ ಮುಂದಿನ ಗಾಜಿನಲ್ಲೇ ಕಾವಾಗಿ ಉಳಿಯುತ್ತದೆ.

32 ವ್ಯಾಟ್ ದೊಡ್ಡದೇನಲ್ಲ ಅನ್ನಿಸಬಹುದು. ಆದರೆ ಜಾಗ ನೋಡಿ. 21 ಇಂಚಿನ ಮನೆ ಟಿವಿಯಲ್ಲಿ ಅಷ್ಟು ಶಕ್ತಿ ಸುಮಾರು 210 ಚದರ ಇಂಚಿನ ಮೇಲೆ ಹರಡಿಕೊಳ್ಳುತ್ತದೆ. 7 ಇಂಚಿನ ಪ್ರೊಜೆಕ್ಟರ್ ಟ್ಯೂಬಿನಲ್ಲಿ ಚಿತ್ರ ಮೂಡುವ ಜಾಗದ ಕರ್ಣ ಸುಮಾರು 5 ಇಂಚು, ಅಂದರೆ 4 ಇಂಚು ಅಗಲ, 3 ಇಂಚು ಎತ್ತರ; ಒಟ್ಟು 12 ಚದರ ಇಂಚು. ಅಂಗೈ ಅಗಲದ ಗಾಜಿಗೆ ಪ್ರತಿ ಚದರ ಇಂಚಿಗೆ ಹದಿನೇಳು ಪಟ್ಟು ಹೆಚ್ಚು ಕಾವು ಬೀಳುತ್ತದೆ. ಅಷ್ಟೇ ಚಿತ್ರವನ್ನು ಹತ್ತಡಿ ಪರದೆಗೆ ಹಿಗ್ಗಿಸಬೇಕಾದ್ದರಿಂದ ಬೆಳಕು ಕಡಿಮೆ ಮಾಡುವಂತೆಯೂ ಇಲ್ಲ.

ಕಾವು ಏರಿದರೆ ಎರಡು ತೊಂದರೆ. ಫಾಸ್ಫರ್ ಬಿಸಿಯಾದಷ್ಟೂ ಬೆಳಕು ಕೊಡುವ ಶಕ್ತಿ ಕುಗ್ಗುತ್ತದೆ. ಅದಕ್ಕಿಂತ ದೊಡ್ಡದು ಗಾಜಿನ ಪಾಡು: ನಡುಭಾಗ ಬಿಸಿಯಾಗಿ ಹಿಗ್ಗುತ್ತದೆ, ಅಂಚು ತಣ್ಣಗೇ ಇರುತ್ತದೆ, ಆ ಎಳೆದಾಟಕ್ಕೆ ಗಾಜು ಸೀಳುತ್ತದೆ. ಸೀಳಿದರೆ ಒಳಗೆ ಗಾಳಿ ನುಗ್ಗಿ ಟ್ಯೂಬಿನ ಕಥೆ ಅಲ್ಲಿಗೇ ಮುಗಿಯುತ್ತದೆ. ದ್ರವ ಇಳಿದುಹೋದ ಟ್ಯೂಬನ್ನು “ಸ್ವಲ್ಪ ಹೊತ್ತು ಹಚ್ಚಿ ನೋಡೋಣ” ಎಂದು ಚಾಲೂ ಮಾಡಲೇಬಾರದು ಅನ್ನುವುದು ಇದಕ್ಕೇ.

## ದ್ರವಕ್ಕೆ ಒಂದಲ್ಲ, ಎರಡು ಕೆಲಸ

ಟ್ಯೂಬಿನ ಮುಂದಿನ ಗಾಜಿಗೆ ಅಲ್ಯೂಮಿನಿಯಂನ ಒಂದು ಕೋಣೆಯನ್ನು ರಬ್ಬರ್ ಗ್ಯಾಸ್ಕೆಟ್, ಅಂದರೆ ದ್ರವ ಸೋರದಂತೆ ತಡೆಯುವ ಪಟ್ಟಿ, ಇಟ್ಟು ಬಿಗಿದಿರುತ್ತಾರೆ. ಕೋಣೆಯ ಮುಂದಿನ ಬಾಗಿಲು ಇನ್ನೊಂದು ಗಾಜು. ಎರಡು ಗಾಜುಗಳ ನಡುವೆ ದ್ರವ. ಹೊರಮೈಯಲ್ಲಿ ಕಾವು ಬಿಡಲು ಅಲ್ಯೂಮಿನಿಯಂ ಪಟ್ಟಿಗಳು, ಅವುಗಳ ಮೇಲೆ ಗಾಳಿ ಹಾಯಿಸಲು ಫ್ಯಾನು.

ಒಲೆಯ ಮೇಲೆ ತೊಗರಿಬೇಳೆ ಬೇಯುವುದನ್ನು ನೋಡಿದವರಿಗೆ ಒಳಗೆ ನಡೆಯುವುದು ಸುಲಭವಾಗಿ ಗೊತ್ತಾಗುತ್ತದೆ. ತಳದಲ್ಲಿ ಕಾದ ನೀರು ಬೇಳೆಯನ್ನು ಹೊತ್ತು ನಡುವಿನಲ್ಲಿ ಮೇಲೇಳುತ್ತದೆ, ಮೇಲೆ ತಣಿದು ಅಂಚಿನಲ್ಲಿ ಕೆಳಗಿಳಿಯುತ್ತದೆ. ಯಾರೂ ಸೌಟು ಆಡಿಸಬೇಕಿಲ್ಲ. ಕೂಲಂಟ್ ಕೂಡ ಪಂಪಿಲ್ಲದೆ ಹೀಗೇ ಸುತ್ತುತ್ತದೆ. ಟ್ಯೂಬಿನ ಗಾಜಿಗೆ ತಾಗಿ ಕಾದ ದ್ರವ ಮೇಲೇರಿ, ಅಲ್ಯೂಮಿನಿಯಂ ಗೋಡೆಗೆ ತಾಗಿ ಕಾವು ಕೊಟ್ಟು, ತಣಿದು ಕೆಳಗಿಳಿಯುತ್ತದೆ.

ಎರಡನೆಯ ಕೆಲಸ ಬೆಳಕಿನದು. ಅದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಗಾಜಿನಿಂದ ಗಾಳಿಗೆ ದಾಟುವ ಪ್ರತಿ ಜಾಗದಲ್ಲೂ ಬೆಳಕಿನ ಸುಮಾರು ನೂರಕ್ಕೆ 4 ಪಾಲು ಹಿಂದಕ್ಕೆ ಪುಟಿಯುತ್ತದೆ. ಆ ಬೆಳಕು ಫಾಸ್ಫರಿಗೆ ಮರಳಿ ಬಿದ್ದು ಕಪ್ಪಾಗಿರಬೇಕಾದ ಜಾಗವನ್ನು ಬೂದು ಮಾಡುತ್ತದೆ. ಗಾಜಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಗುಣದ ಅಳತೆ, ಸುಮಾರು 1.5, ಗಾಳಿಯದು 1, ಈ ದ್ರವದ್ದು ಸುಮಾರು 1.44. ಗಾಜು ಮತ್ತು ದ್ರವದ ಸೂಚ್ಯಂಕ ಇಷ್ಟು ಹತ್ತಿರ ಇರುವುದರಿಂದ ಅಲ್ಲಿ ಪುಟಿಯುವ ಬೆಳಕು ನೂರಕ್ಕೆ 0.1 ಪಾಲೂ ಆಗುವುದಿಲ್ಲ. ಪಿಯು ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಬೋರೋಸಿಲಿಕೇಟ್ ಗಾಜಿನ ಕಡ್ಡಿಯನ್ನು ಗ್ಲಿಸರಿನ್‌ನಲ್ಲಿ ಅದ್ದಿದರೆ ಮುಳುಗಿದ ಭಾಗ ಕಣ್ಣಿಗೇ ಕಾಣುವುದಿಲ್ಲ, ಯಾಕಂದರೆ ಎರಡರ ಸೂಚ್ಯಂಕವೂ ಹೆಚ್ಚುಕಡಿಮೆ 1.47.

ಇಲ್ಲಿ ಎರಡು ಜಾತಿಯ ವಿನ್ಯಾಸ ಇವೆ. ಒಂದರಲ್ಲಿ ದ್ರವದ ಕೋಣೆಯನ್ನು ಚಪ್ಪಟೆ ಗಾಜಿನಿಂದ ಮುಚ್ಚಿ, ಸ್ವಲ್ಪ ಗಾಳಿಯ ಸಂದು ಬಿಟ್ಟು, ಮುಂದೆ ಲೆನ್ಸ್ ಕೂರಿಸುತ್ತಾರೆ. ಇನ್ನೊಂದರಲ್ಲಿ ಲೆನ್ಸಿನ ಕೊನೆಯ ಬಾಗಿದ ಗಾಜೇ ಕೋಣೆಯ ಬಾಗಿಲು. ಟ್ಯೂಬಿನಿಂದ ಲೆನ್ಸಿನವರೆಗೆ ಗಾಳಿಯೇ ಇಲ್ಲ. ಎರಡನೆಯದರಲ್ಲಿ ಕಪ್ಪು ಕಪ್ಪಾಗಿ ಕಾಣುತ್ತದೆ, ಬಿಳಿ ಅಕ್ಷರದ ಸುತ್ತ ಪ್ರಭೆ ಕಡಿಮೆ. ಆದರೆ ಯಾವ ಸ್ಕ್ರೂ ಲೆನ್ಸಿನದು, ಯಾವುದು ಕೋಣೆಯದು ಎಂದು ತಿಳಿಯದೆ ಬಿಚ್ಚಿದರೆ ದ್ರವವೆಲ್ಲ ಮೈಮೇಲೆ, ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ. ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಜಾತಿ ಎಂದು ಸರ್ವಿಸ್ ಮ್ಯಾನ್ಯುಯಲ್ ನೋಡಿ ಖಚಿತ ಮಾಡಿಕೊಳ್ಳಬೇಕು.

## ಬಾಟಲಿಯಲ್ಲಿ ಇರಬೇಕಾದದ್ದು ಏನು

ಎಥಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಎಂಬ ಎರಡು ದ್ರವಗಳ ಮಿಶ್ರಣ. ಪ್ರಮಾಣ ಮಾದರಿಯಿಂದ ಮಾದರಿಗೆ ಬೇರೆ. ರಿಪೇರಿ ಮಾಡುವವರಲ್ಲಿ ಹೆಚ್ಚು ಬಳಕೆಯಲ್ಲಿರುವುದು 80 ಪಾಲು ಗ್ಲೈಕಾಲ್, 20 ಪಾಲು ಗ್ಲಿಸರಿನ್. ಗ್ಲೈಕಾಲ್ ತೆಳು, ಸರಾಗವಾಗಿ ಸುತ್ತುತ್ತದೆ. ಗ್ಲಿಸರಿನ್ ಮಂದ, ಆದರೆ ಸೂಚ್ಯಂಕವನ್ನು ಗಾಜಿನ ಹತ್ತಿರಕ್ಕೆ ಒಯ್ಯುತ್ತದೆ. ಗ್ಲೈಕಾಲ್ ಕುದಿಯುವುದು 197 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗ್ಲಿಸರಿನ್ 290ರಲ್ಲಿ. ಟ್ಯೂಬಿನ ಮುಂದೆ ಇವು ಕುದಿದು ಗುಳ್ಳೆ ಎಬ್ಬಿಸುವ ಭಯವಿಲ್ಲ.

ನೀರು ಯಾಕೆ ಬೇಡ? ಕಾವು ಹೊರುವ ಶಕ್ತಿ ನೋಡಿದರೆ ನೀರೇ ಮೇಲು. ಒಂದು ಗ್ರಾಂ ನೀರು 1 ಡಿಗ್ರಿ ಏರಲು 4.2 ಜೂಲ್ ನುಂಗುತ್ತದೆ, ಗ್ಲೈಕಾಲ್ ಸುಮಾರು 2.4 ಅಷ್ಟೇ. ಆದರೆ ನೀರಿನ ಸೂಚ್ಯಂಕ 1.33, ಗಾಜಿನಿಂದ ದೂರ. ಅದು ಅಲ್ಯೂಮಿನಿಯಂ ತಿನ್ನುತ್ತದೆ, ಬೂಷ್ಟು ಬೆಳೆಸುತ್ತದೆ.

ಕಾರಿಗೆ ಹಾಕುವ ಹಸಿರು ಅಥವಾ ಕೆಂಪು ಕೂಲಂಟ್ ಸುರಿಯುವ ಯೋಚನೆ ಯಾರಿಗಾದರೂ ಬರುತ್ತದೆ, ಯಾಕಂದರೆ ಅದರಲ್ಲಿಯೂ ಗ್ಲೈಕಾಲೇ ಮುಖ್ಯ. ಬೇಡ. ಅದರಲ್ಲಿ ಬಣ್ಣ ಇದೆ, ತುಕ್ಕು ತಡೆಯುವ ಲವಣಗಳಿವೆ, ಹೆಚ್ಚಿನವುಗಳಲ್ಲಿ ನೀರೂ ಇದೆ. ಎಂಜಿನ್ನಿಗೆ ಅವು ಬೇಕು, ಬೆಳಕಿನ ದಾರಿಯಲ್ಲಿ ಬೇಡ. ಮೆಡಿಕಲ್ ಅಂಗಡಿಯಲ್ಲಿ ಮುಖಕ್ಕೆ ಹಚ್ಚಲು ಸಿಗುವ, ಗುಲಾಬಿ ನೀರು ಬೆರೆಸಿದ ಗ್ಲಿಸರಿನ್ ಕೂಡ ಆಗುವುದಿಲ್ಲ. ಲ್ಯಾಬ್ ಕೆಮಿಕಲ್ಸ್ ಮಾರುವ ಕಡೆ, ಏನೂ ಬೆರೆಸದ, ಮುಚ್ಚಳದ ಸೀಲ್ ಒಡೆಯದ ಬಾಟಲಿಯನ್ನೇ ಕೇಳಿ. ಎರಡೂ ದ್ರವಗಳು ಗಾಳಿಯ ತೇವ ಹೀರುವ ಗುಣದವು. ಅರ್ಧ ಬಳಸಿ ವರ್ಷಗಟ್ಟಲೆ ತೆರೆದಿಟ್ಟ ಬಾಟಲಿಯಲ್ಲಿ ನೀರು ಸೇರಿರುತ್ತದೆ.

## ಯಾಕೆ ಕೆಡುತ್ತದೆ

ಬಿಸಿಯಲ್ಲಿ ಗಾಳಿಯ ಆಮ್ಲಜನಕ ತಾಗಿದರೆ ಗ್ಲೈಕಾಲ್ ನಿಧಾನವಾಗಿ ಆಮ್ಲಗಳಾಗಿ ಒಡೆಯುತ್ತದೆ. ಆ ಆಮ್ಲ ಅಲ್ಯೂಮಿನಿಯಂ ಗೋಡೆಯನ್ನು ತಿನ್ನುತ್ತದೆ. ತಿಂದದ್ದು ಬಿಳಿ ಮಡ್ಡಿಯಾಗಿ ತೇಲುತ್ತದೆ ಅಥವಾ ಗಾಜಿಗೆ ಹಿಡಿಯುತ್ತದೆ. ಹಳೆಯ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟರೆ ದ್ರವ ಹೊರಗೆ ಬರುವುದರ ಜೊತೆಗೆ ತೇವ ಒಳಗೂ ಹೋಗುತ್ತದೆ. ನೀರು ಬೆರೆಯದ ಗ್ಲೈಕಾಲಿನಲ್ಲಿ ಸೂಕ್ಷ್ಮಜೀವಿಗಳು ಬದುಕುವುದು ಕಷ್ಟ. ನೀರು ಸೇರಿ ತೆಳುವಾದರೆ ಅದೇ ಗ್ಲೈಕಾಲ್ ಅವಕ್ಕೆ ಆಹಾರ. ಆಗ ನೂಲು ನೂಲಾಗಿ ಬೂಷ್ಟು ಕಾಣಿಸುತ್ತದೆ. ಮಳೆಗಾಲ ಕಳೆದ ಗೋದಾಮಿನಿಂದ ಹೊರತೆಗೆದ ಯಂತ್ರಗಳಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ.

ನಮ್ಮ ಬಿಸಿಲು ಇದರಲ್ಲಿ ಪಾಲುದಾರ. ಕೋಣೆಯ ಗಾಳಿಗಿಂತ ದ್ರವ 30 ಡಿಗ್ರಿ ಹೆಚ್ಚು ಬಿಸಿ ಇರುತ್ತದೆ ಎಂದುಕೊಂಡರೆ, ಎ.ಸಿ. ಹಾಕಿದ 25 ಡಿಗ್ರಿಯ ಹಾಲಿನಲ್ಲಿ ಅದು 55 ಡಿಗ್ರಿ. ಕಲಬುರಗಿ, ಯಾದಗಿರಿಯ ಮೇ ತಿಂಗಳ 42 ಡಿಗ್ರಿಯಲ್ಲಿ ಅದೇ ದ್ರವ 72 ಡಿಗ್ರಿ. ಪ್ರತಿ 10 ಡಿಗ್ರಿಗೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ನಿಯಮ ಹಿಡಿದರೆ, ದ್ರವ ಮೂರು ಪಟ್ಟು ಬೇಗ ಹಳತಾಗುತ್ತದೆ. ಬೀದರ ಎತ್ತರದಲ್ಲಿರುವುದರಿಂದ ಅಲ್ಲಿ ಬಿಸಿಲಿನ ಹೊಡೆತ ಸ್ವಲ್ಪ ಕಡಿಮೆ.

ಜೊತೆಗೆ ಧೂಳು. ಶಹಾಬಾದಿನ ಕಲ್ಲಿನ ಪುಡಿ, ಸೇಡಂ ಮತ್ತು ವಾಡಿ ಕಡೆಯ ಸಿಮೆಂಟ್ ಪುಡಿ, ರಾಶಿಯ ಕಾಲದಲ್ಲಿ ಹೊಲದಿಂದ ಏಳುವ ದೂಳು, ಎಲ್ಲವೂ ಫ್ಯಾನಿನ ಜಾಲರಿಯಲ್ಲಿ ಬಂದು ಕೂರುತ್ತದೆ. ಜಾಲರಿ ಕಟ್ಟಿಕೊಂಡರೆ ಅಲ್ಯೂಮಿನಿಯಂ ಪಟ್ಟಿಗಳಿಗೆ ಗಾಳಿ ಸಿಗದೆ ದ್ರವದ ಕಾವು ಇಳಿಯುವುದೇ ಇಲ್ಲ. ನನ್ನನ್ನು ಕೇಳಿದರೆ, ಈ ಭಾಗದಲ್ಲಿ ಕೂಲಂಟ್ ಕಾಪಾಡುವ ಅತಿ ಅಗ್ಗದ ಕೆಲಸ ಜಾಲರಿ ಒರೆಸುವುದು. ಅದಕ್ಕೆ ಮೆಕ್ಯಾನಿಕ್ ಬೇಕಿಲ್ಲ, ಪೆಟ್ಟಿಗೆ ಬಿಚ್ಚಬೇಕಿಲ್ಲ. ಕರೆಂಟು ಹೋದಾಗ ಫ್ಯಾನು ನಿಂತು ಟ್ಯೂಬು ಸುಡುತ್ತದೆ ಎಂದು ಹೆದರುವವರಿದ್ದಾರೆ; ಕರೆಂಟಿನ ಜೊತೆ ಕಿರಣವೂ ನಿಲ್ಲುವುದರಿಂದ ಹೊಸ ಕಾವು ಹುಟ್ಟುವುದಿಲ್ಲ, ದ್ರವಕ್ಕೆ ಅದರಿಂದ ಧಕ್ಕೆಯಿಲ್ಲ.

## ದ್ರವ ಕೆಟ್ಟಿದೆಯೋ, ಟ್ಯೂಬು ಸವೆದಿದೆಯೋ?

ಹಳೆಯ ಪ್ರೊಜೆಕ್ಟರ್ ಕೊಳ್ಳುವವರಿಗೂ ಮಾರುವವರಿಗೂ ಇದೇ ಮುಖ್ಯ ಪ್ರಶ್ನೆ. ದ್ರವ ಕೆಟ್ಟಿದ್ದರೆ ಸರಿಮಾಡಬಹುದು. ಟ್ಯೂಬು ಸವೆದಿದ್ದರೆ ಹೊಸ ಟ್ಯೂಬು ಸಿಗುವುದು ಕಷ್ಟ.

ಮೊದಲ ಪರೀಕ್ಷೆಗೆ ವಿದ್ಯುತ್ತೇ ಬೇಡ. ಪ್ಲಗ್ ತೆಗೆದು, ಯಂತ್ರ ಪೂರ್ತಿ ತಣಿದ ಮೇಲೆ ಲೆನ್ಸಿನ ಮುಂದೆ ನಿಂತು ಒಂದು ಬದಿಯಿಂದ ಟಾರ್ಚ್ ಬಿಡಿ, ಇನ್ನೊಂದು ಬದಿಯಿಂದ ನೋಡಿ. ಬೆಳಕಿನ ಕೋಲು ದ್ರವದೊಳಗೆ ಹಾಲುಬಣ್ಣದಲ್ಲಿ ಕಂಡರೆ ದ್ರವ ಮಬ್ಬಾಗಿದೆ. ನೂಲಿನಂಥ ಎಳೆ ಕಂಡರೆ ಬೂಷ್ಟು. ಬಿಳಿ ಚುಕ್ಕೆಗಳು ಅಂಚಿನಲ್ಲಿ ಗುಂಪಾಗಿದ್ದರೆ ಅಲ್ಯೂಮಿನಿಯಂ ಮಡ್ಡಿ. ಬೆಳಕು ಸ್ವಚ್ಛವಾಗಿ ಹಾದುಹೋಗಿ ಫಾಸ್ಫರಿನ ಬಿಳಿ ಹಾಳೆ ಸ್ಪಷ್ಟವಾಗಿ ಕಂಡರೆ ದ್ರವ ಚೆನ್ನಾಗಿದೆ. ಆ ಬಿಳಿ ಹಾಳೆಯ ನಡುವೆ ಕಂದುಬಣ್ಣದ ಆಯತ ಅಥವಾ ಯಾವುದೋ ಚಾನೆಲ್ಲಿನ ಗುರುತು ಅಚ್ಚೊತ್ತಿದಂತೆ ಕಂಡರೆ ಅದು ಸವೆತ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕಿರಣ ಬಡಿದು ಫಾಸ್ಫರ್ ಬಳಲಿದೆ. ಯಾವ ದ್ರವ ಹಾಕಿದರೂ ಅದು ಹೋಗುವುದಿಲ್ಲ.

ಎರಡನೆಯ ಪರೀಕ್ಷೆ ದ್ರವದ ಮಟ್ಟ ಸರಿಯಿದ್ದರೆ ಮಾತ್ರ. ಯಂತ್ರ ಚಾಲೂ ಮಾಡಿ, ಉಳಿದೆರಡು ಲೆನ್ಸ್ ಮುಚ್ಚಿ ಒಂದೊಂದೇ ಟ್ಯೂಬಿನ ಬೆಳಕು ಪರದೆಗೆ ಬಿಟ್ಟು, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬರುವ ಚಿತ್ರ ಹಾಕಿ. ಅಕ್ಷರದ ಸುತ್ತ ಮಂಜು ಹರಡಿದಂತೆ ಕಂಡು, ಕಪ್ಪು ಬೂದಾಗಿದ್ದರೆ ಸಂಶಯ ದ್ರವದ ಮೇಲೆ. ಅಕ್ಷರ ಚೂಪಾಗಿದ್ದು ಬೆಳಕೇ ಮಂದವಾಗಿದ್ದರೆ ಟ್ಯೂಬು ಹಳತಾಗಿದೆ. ಹಸಿರು ಟ್ಯೂಬಿನ ಚಿತ್ರವನ್ನು ಹೆಚ್ಚು ಹೊತ್ತು ನೋಡಿ. ಬಿಳಿಯಲ್ಲಿ ನಮ್ಮ ಕಣ್ಣಿಗೆ ಕಾಣುವ ಪ್ರಖರತೆಯ ಅರ್ಧಕ್ಕಿಂತ ಹೆಚ್ಚು ಪಾಲು ಹಸಿರಿನದೇ. ಅದೊಂದು ಮಬ್ಬಾದರೆ ಇಡೀ ಚಿತ್ರ ಮಬ್ಬು. ಇದಕ್ಕೂ ಮೊದಲು ಲೆನ್ಸಿನ ಹೊರಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿಕೊಳ್ಳಿ. ಧೂಳಿನ ಪದರವೂ ಇದೇ ಲಕ್ಷಣ ತೋರಿಸುತ್ತದೆ.

ಒಂದು ಎಚ್ಚರಿಕೆ: ದ್ರವಕ್ಕೆ ಬಣ್ಣ ಇದೆ ಎಂದಮಾತ್ರಕ್ಕೆ ಅದು ಕೊಳೆ ಅಲ್ಲ. ಕೆಂಪು ಮತ್ತು ಹಸಿರು ಫಾಸ್ಫರ್‌ಗಳು ತಮ್ಮ ಬಣ್ಣದ ಜೊತೆ ಬೇಡದ ಕಿತ್ತಳೆ, ಹಳದಿಯನ್ನೂ ಹೊರಬಿಡುತ್ತವೆ. ಅದನ್ನು ಸೋಸಲು ಕೆಲವು ಮಾದರಿಗಳಲ್ಲಿ ದ್ರವಕ್ಕೆ ಅಥವಾ ಕೊನೆಯ ಲೆನ್ಸಿಗೆ ಬೇಕೆಂದೇ ಬಣ್ಣ ಕೊಟ್ಟಿರುತ್ತಾರೆ. ಅಂಥದ್ದನ್ನು ಚೆಲ್ಲಿ ಬಣ್ಣವಿಲ್ಲದ ದ್ರವ ತುಂಬಿದರೆ ಪರದೆಯ ಮೇಲೆ ಕುಂಕುಮ ಕಿತ್ತಳೆಯಾಗಿ, ಎಲೆ ಹಳದಿಯಾಗಿ ಕಾಣುತ್ತದೆ.

ಗುಳ್ಳೆಯ ವಿಷಯ. ಕೋಣೆಯ ಮೇಲ್ತುದಿಯಲ್ಲಿ, ಚಿತ್ರದ ಜಾಗದಿಂದ ಹೊರಗೆ ಸಣ್ಣ ಗುಳ್ಳೆ ಇದ್ದರೆ ಅದರಿಂದ ತಕ್ಷಣಕ್ಕೆ ತೊಂದರೆ ಇಲ್ಲ. ಅದು ಬೆಳೆದು ಚಿತ್ರದ ಜಾಗಕ್ಕೆ ಇಳಿದರೆ ಸೋರಿಕೆ ಇದೆ ಎಂದರ್ಥ. ಗುಳ್ಳೆ ಮೇಲಿದ್ದರೂ ಪರದೆಯಲ್ಲಿ ಅದರ ಕಮಾನು ಕೆಳಗೆ ಕಾಣುತ್ತದೆ, ಯಾಕಂದರೆ ಲೆನ್ಸು ಚಿತ್ರವನ್ನು ತಲೆಕೆಳಗು ಮಾಡುತ್ತದೆ. ಕನ್ನಡಿಯಿಂದ ಬೆಳಕನ್ನು ತಿರುಗಿಸುವ ಪ್ರೊಜೆಕ್ಷನ್ ಟಿವಿಗೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ.

ಪರೀಕ್ಷೆಯಲ್ಲಿ ದ್ರವ ಸ್ವಚ್ಛವಾಗಿದ್ದು, ಮಟ್ಟ ಸರಿಯಿದ್ದು, ಎಲ್ಲೂ ಜಿನುಗದಿದ್ದರೆ ಹಾಗೇ ಬಿಡಿ. ವರ್ಷ ಎಣಿಸಿ ಬದಲಿಸುವ ಅಗತ್ಯ ಇದಕ್ಕಿಲ್ಲ. ಚೆನ್ನಾಗಿ ಕೂತ ಹಳೆಯ ಗ್ಯಾಸ್ಕೆಟ್ ಅನ್ನು ಸುಮ್ಮನೆ ಎಬ್ಬಿಸಿದರೆ ಇಲ್ಲದ ಸೋರಿಕೆ ಶುರುವಾಗುತ್ತದೆ.

## ವಿಷ ಮತ್ತು ವಿದ್ಯುತ್ತು

ಎಥಿಲೀನ್ ಗ್ಲೈಕಾಲ್ ಸಿಹಿ. ಅಪಾಯ ಇರುವುದೇ ಅಲ್ಲಿ. ಮಕ್ಕಳು ಬೆರಳಿಗೆ ಹತ್ತಿದ್ದನ್ನು ನೆಕ್ಕುತ್ತಾರೆ, ನಾಯಿ, ಆಡು ನೆಲದ ಮೇಲಿನದನ್ನು ನೆಕ್ಕುತ್ತವೆ. ದೊಡ್ಡವರಿಗೂ ಸುಮಾರು 100 ಮಿಲಿಲೀಟರ್ ಪ್ರಾಣಕ್ಕೆ ಎರವಾಗಬಹುದು; ಮಕ್ಕಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಮೊದಲ ಕೆಲವು ಗಂಟೆ ಕುಡಿದವರಂತೆ ತೂರಾಟ, ವಾಂತಿ. ಆಮೇಲೆ ಯಕೃತ್ತು ಅದನ್ನು ಆಮ್ಲಗಳಾಗಿ ಒಡೆಯುತ್ತದೆ. ಕೊನೆಗೆ ಹುಟ್ಟುವ ಆಕ್ಸಲಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. ನಡುವೆ “ಈಗ ಆರಾಮ ಆಗ್ಯಾನ” ಅನ್ನಿಸುವ ಹೊತ್ತು ಬರಬಹುದು, ಅದನ್ನು ನಂಬಬೇಡಿ. ಹೊಟ್ಟೆಗೆ ಹೋಗಿದೆ ಎಂಬ ಸಂಶಯ ಬಂದರೂ ಲಕ್ಷಣಕ್ಕೆ ಕಾಯದೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ದ್ರವದ ಬಾಟಲಿಯನ್ನು ಜೊತೆಗೆ ಒಯ್ದು “ಎಥಿಲೀನ್ ಗ್ಲೈಕಾಲ್” ಎಂದು ಹೆಸರು ಹೇಳಿ. ಇದಕ್ಕೆ ಮದ್ದು ಇದೆ, ಡಯಾಲಿಸಿಸ್ ಇದೆ. ಬೇಗ ತಲುಪಿದಷ್ಟೂ ಫಲ ಹೆಚ್ಚು. ಮನೆಮದ್ದು ಬೇಡ.

ಗ್ಲಿಸರಿನ್ ಹಾಗಲ್ಲ, ಅದು ಆಹಾರದಲ್ಲೂ ಬಳಸುವ ವಸ್ತು. ಆದರೆ ಎರಡೂ ನೋಡಲು ಒಂದೇ ಥರ. ಬಾಟಲಿಯ ಮೇಲೆ ಹೆಸರು ಮತ್ತು ‘ವಿಷ’ ಎಂದು ದಪ್ಪಕ್ಷರದಲ್ಲಿ ಬರೆದು, ಅಡುಗೆಮನೆಯಿಂದ ದೂರ, ಬೀಗದೊಳಗೆ ಇಡಿ.

ಇನ್ನು ವಿದ್ಯುತ್ತು. 30 ಕಿಲೋವೋಲ್ಟ್‌ಗೂ ಮಿಕ್ಕಿದ ಒತ್ತಡ ಪ್ಲಗ್ ತೆಗೆದ ಕೂಡಲೇ ಮಾಯವಾಗುವುದಿಲ್ಲ. ಟ್ಯೂಬಿನ ಗಾಜೇ ಕೆಪಾಸಿಟರ್ ಥರ ಅದನ್ನು ಹಿಡಿದಿಟ್ಟುಕೊಂಡಿರಬಹುದು. ಕಲರ್ ಟಿವಿಯಲ್ಲಿ ಇ.ಎಚ್.ಟಿ. (ಟ್ಯೂಬಿನ ಈ ಅತಿ ಹೆಚ್ಚು ವೋಲ್ಟೇಜು) ಇಳಿಸಿ ಅಭ್ಯಾಸ ಇರುವ ಹಳೆಯ ಮೆಕ್ಯಾನಿಕ್ ಮಾಡಬೇಕಾದ ಕೆಲಸ ಇದು. ಲೆನ್ಸ್ ಮತ್ತು ದ್ರವ ತೆಗೆದಿಟ್ಟು ಟ್ಯೂಬು ಚಾಲೂ ಮಾಡಬಾರದು ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ: ಇಷ್ಟು ವೋಲ್ಟಿನಲ್ಲಿ ಟ್ಯೂಬಿನಿಂದ ಎಕ್ಸ್-ರೇ ಹೊರಡುತ್ತದೆ, ಮುಂದಿರುವ ಗಾಜು, ದ್ರವಗಳು ಅದನ್ನು ತಡೆಯುವ ವ್ಯವಸ್ಥೆಯ ಭಾಗ.

ಬೋರ್ಡಿನ ಮೇಲೆ ಸೋರಿದ ದ್ರವ ಒಣಗಿ ಹೋಗುತ್ತದೆ ಎಂದು ಕಾಯಬಾರದು. ಅದು ಒಣಗುವುದಿಲ್ಲ; ಗಾಳಿಯ ತೇವ ಹೀರಿಕೊಂಡು ವಿದ್ಯುತ್ತಿಗೆ ಬೇಡದ ದಾರಿ ಮಾಡಿಕೊಡುತ್ತದೆ. 1967ರ ಜನವರಿ 27ರಂದು ಅಪೋಲೊ 1ರಲ್ಲಿ ಬೆಂಕಿ ಹತ್ತಿ ಮೂವರು ಗಗನಯಾತ್ರಿಗಳು ತೀರಿಕೊಂಡ ನಂತರ ನಾಸಾ ನಡೆಸಿದ ಪರೀಕ್ಷೆಗಳಲ್ಲಿ, ಕರೆಂಟು ಹರಿಯುವ ಬೆಳ್ಳಿ ಲೇಪದ ತಾಮ್ರದ ತಂತಿಗೆ ಗ್ಲೈಕಾಲ್ ಮಿಶ್ರಿತ ನೀರು ತಾಗಿದರೆ ಹೊತ್ತಿಕೊಳ್ಳಬಹುದು ಎಂದು ಕಂಡಿತು. ಆ ದುರಂತಕ್ಕೆ ಅದೇ ಕಾರಣ ಎಂದು ಸಾಬೀತಾಗಲಿಲ್ಲ. ಆದರೂ ಸೋರಿಕೆಯನ್ನು ಸಣ್ಣದೆಂದು ಬಿಡಬಾರದು ಎನ್ನಲು ಅಷ್ಟು ಸಾಕು. ಸೋರಿದ ಬೋರ್ಡನ್ನು ಡಿಸ್ಟಿಲ್ಡ್ ವಾಟರ್‌ನಿಂದ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಮತ್ತೆ ಕರೆಂಟು ಕೊಡಬೇಕು.

## ಬದಲಿಸುವ ಕೆಲಸ ಹೇಗೆ ನಡೆಯುತ್ತದೆ

ನೀವೇ ಮಾಡದಿದ್ದರೂ, ಮಾಡುವವರು ಸರಿಯಾಗಿ ಮಾಡುತ್ತಿದ್ದಾರೆಯೇ ಎಂದು ತಿಳಿಯಲು ಇದು ಗೊತ್ತಿರಬೇಕು.

ಯಂತ್ರ ತಣಿದು, ಇ.ಎಚ್.ಟಿ. ಇಳಿಸಿದ ಮೇಲೆ ಲೆನ್ಸ್ ತೆಗೆಯುತ್ತಾರೆ. ಟ್ಯೂಬಿನ ಕತ್ತು ತೀರ ನಾಜೂಕು, ಅದಕ್ಕೆ ಭಾರ ಬೀಳಬಾರದು. ಕೋಣೆಯ ಸಣ್ಣ ಸ್ಕ್ರೂ ಬಿಚ್ಚಿ ದ್ರವವನ್ನು ಪಾತ್ರೆಗೆ ಇಳಿಸಿ, ಎಷ್ಟು ಬಂತು ಎಂದು ಅಳೆದಿಡಬೇಕು. ಮುಂದಿನ ಗಾಜು ಯಾವ ದಿಕ್ಕಿಗೆ ಕೂತಿತ್ತು ಎಂದು ಗುರುತು ಮಾಡಿ ತೆಗೆಯಬೇಕು. ಟ್ಯೂಬಿನ ಮುಖ, ಗಾಜು, ಅಲ್ಯೂಮಿನಿಯಂ ಒಳಮೈಯನ್ನು ಡಿಸ್ಟಿಲ್ಡ್ ವಾಟರ್ ಮತ್ತು ನೂಲು ಬಿಡದ ಬಟ್ಟೆಯಿಂದ ಒರೆಸುತ್ತಾರೆ. ಬ್ಲೇಡಿನಿಂದ ಕೆರೆಯಲು ಬಿಡಬೇಡಿ. ಒಂದು ಗೀರು ಬಿದ್ದರೂ ಅದು ಹತ್ತಡಿ ಪರದೆಯ ಮೇಲೆ ಕಾಣುತ್ತದೆ. ನೀರಿನ ಪಸೆ ಉಳಿದರೆ ಬೂಷ್ಟು ಮರಳಿ ಬರುತ್ತದೆ, ಆದ್ದರಿಂದ ಪೂರ್ತಿ ಒಣಗಬೇಕು. ಗ್ಯಾಸ್ಕೆಟ್ ಹೊಸದೇ ಹಾಕಬೇಕು. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು; ಒಂದು ಕಡೆ ಹೆಚ್ಚು ಬಿಗಿದರೆ ಗಾಜು ಸೀಳುತ್ತದೆ, ಇನ್ನೊಂದು ಕಡೆ ಸೋರುತ್ತದೆ.

ಹೊಸ ದ್ರವವನ್ನು ದೊಡ್ಡ ಸಿರಿಂಜ್‌ನಿಂದ ನಿಧಾನವಾಗಿ, ಕೋಣೆಯ ಗೋಡೆಗುಂಟ ಇಳಿಸುತ್ತಾರೆ. ರಭಸ ಮಾಡಿದರೆ ಗಾಳಿ ಸೇರಿ ಸಣ್ಣ ಗುಳ್ಳೆಗಳು ತುಂಬಿಕೊಳ್ಳುತ್ತವೆ. ಒಂದು ರಾತ್ರಿ ಹಾಗೇ ಬಿಟ್ಟರೆ ಅವು ಮೇಲೆ ಬಂದು ಸೇರುತ್ತವೆ. ಬೆಳಿಗ್ಗೆ ಅವನ್ನು ಹೊರಹಾಕಿ ಕೊರತೆ ತುಂಬಬೇಕು.

ಹಿಗ್ಗಲು ಜಾಗ ಬಿಡುವುದನ್ನು ಮರೆಯುವಂತಿಲ್ಲ. ಗ್ಲೈಕಾಲ್ ಪ್ರತಿ ಡಿಗ್ರಿಗೆ ಸುಮಾರು 0.00065 ಪಾಲು ಹಿಗ್ಗುತ್ತದೆ. ಕಾಲು ಲೀಟರ್ ದ್ರವ 40 ಡಿಗ್ರಿ ಏರಿದರೆ ಸುಮಾರು ಆರೂವರೆ ಮಿಲಿಲೀಟರ್ ಹೆಚ್ಚಾಗುತ್ತದೆ. ಕೆಲವು ಮಾದರಿಗಳಲ್ಲಿ ಈ ಹೆಚ್ಚಳಕ್ಕೆ ಬಾಗುವ ರಬ್ಬರ್ ಪರದೆ ಇರುತ್ತದೆ, ಕೆಲವದರಲ್ಲಿ ಸಣ್ಣ ಗಾಳಿಯ ಜಾಗ ಉಳಿಸಬೇಕು. ಜನವರಿಯ ತಣ್ಣನೆ ಬೆಳಿಗ್ಗೆ ಕೋಣೆಯನ್ನು ಬಾಯಿತನಕ ತುಂಬಿ ಮುಚ್ಚಿದರೆ ಮೇ ತಿಂಗಳಲ್ಲಿ ಗ್ಯಾಸ್ಕೆಟ್ ದಾಟಿ ಹೊರಬರುತ್ತದೆ. ಮ್ಯಾನ್ಯುಯಲ್ ಹೇಳಿದ ಮಟ್ಟವೇ ಸರಿಯಾದ ಮಟ್ಟ.

ತುಂಬಿದ ಟ್ಯೂಬನ್ನು ತಕ್ಷಣ ಪೆಟ್ಟಿಗೆಗೆ ಕೂರಿಸದೆ, ಬಿಳಿ ಕಾಗದದ ಮೇಲೆ ಒಂದೆರಡು ದಿನ ಇಟ್ಟು ನೋಡುವವರು ನಂಬಿಕೆಗೆ ಯೋಗ್ಯ ಮೆಕ್ಯಾನಿಕ್‌ಗಳು. ಕಾಗದದ ಮೇಲೆ ಒದ್ದೆ ಕಲೆ ಬಿದ್ದರೆ ಸೋರಿಕೆ ಅಲ್ಲೇ ತಿಳಿಯುತ್ತದೆ. ಆಮೇಲೆ ಲೆನ್ಸ್ ಕೂರಿಸಿ, ಫೋಕಸ್ ಹೊಂದಿಸಿ, ಮೂರು ಬಣ್ಣಗಳನ್ನು ಮತ್ತೆ ಒಂದರ ಮೇಲೊಂದು ಕೂರಿಸಬೇಕು. ಈ ಕೊನೆಯ ಹೊಂದಾಣಿಕೆಗೆ ತಾಸುಗಟ್ಟಲೆ ಹಿಡಿಯುತ್ತದೆ. ಮಜೂರಿ ಮಾತಾಡುವಾಗ ಅದನ್ನೂ ಸೇರಿಸಿ ಮಾತಾಡಿ.

## ಹಳೆಯ ದ್ರವ, ಒಡೆದ ಟ್ಯೂಬು

ಇಳಿಸಿದ ದ್ರವವನ್ನು ಗಟಾರಕ್ಕೆ, ಬಾವಿಯ ಹತ್ತಿರ, ಹಿತ್ತಲಿನ ಗಿಡದ ಬುಡಕ್ಕೆ ಸುರಿಯಬಾರದು. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹೆಸರು ಬರೆದಿಡಿ. ಬಳಸಿದ ಕೂಲಂಟ್ ಸಂಗ್ರಹಿಸುವ ವ್ಯವಸ್ಥೆ ಇರುವ ವಾಹನ ಸರ್ವಿಸ್ ಕೇಂದ್ರ ಅಥವಾ ಪರವಾನಗಿ ಪಡೆದ ತ್ಯಾಜ್ಯ ಸಂಗ್ರಾಹಕರನ್ನು ವಿಚಾರಿಸಿ ಕೊಡಿ. ನೆಲಕ್ಕೆ ಚೆಲ್ಲಿದ್ದನ್ನು ಕಟ್ಟಿಗೆ ಹೊಟ್ಟು ಅಥವಾ ಮರಳು ಹಾಕಿ ಹೀರಿಸಿ, ಗುಡಿಸಿ, ಚೀಲದಲ್ಲಿ ಕಟ್ಟಿ, ಆ ಜಾಗವನ್ನು ನೀರಿನಿಂದ ಒರೆಸಿ. ಅಲ್ಲಿಯವರೆಗೆ ಮಕ್ಕಳು, ದನಕರು ಹತ್ತಿರ ಬರದಂತೆ ನೋಡಿಕೊಳ್ಳಿ.

ಟ್ಯೂಬು ನಿಜವಾಗಿಯೂ ಸವೆದಿದ್ದರೆ ಅದನ್ನು ಒಡೆದು ತಾಮ್ರ ಕೀಳಲು ಹೋಗಬೇಡಿ. ಒಳಗೆ ಗಾಳಿ ಇಲ್ಲದ ಕಾರಣ ಗಾಜು ಒಳಕ್ಕೆ ಕುಸಿದು ಚೂರುಗಳು ಸಿಡಿಯುತ್ತವೆ. ಆ ಗಾಜಿನಲ್ಲಿ ಸೀಸವೂ ಇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಇಂಥ ವಸ್ತು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಕೊಡುವಾಗ ಒಳಗೆ ಗ್ಲೈಕಾಲ್ ಇದೆಯೋ, ಇಳಿಸಿದ್ದೀರೋ ಎಂಬುದನ್ನು ಪೆಟ್ಟಿಗೆಯ ಮೇಲೆ ಬರೆದು ಅಂಟಿಸಿ, ಒಯ್ಯುವವರಿಗೆ ಬಾಯಿಮಾತಿನಲ್ಲೂ ಹೇಳಿ: “ಅಣ್ಣಾ, ಇದರಾಗ ವಿಷದ ನೀರು ಅದ, ಅಡ್ಡ ಮಲಗಿಸಬ್ಯಾಡ್ರಿ.”